ಬಾತಮ್ಮನ ನಡಿಗೆ

ಟೀವಿಯವರು ಮನೆಗೆ ಬರುತ್ತಾರೆಂದು ಗೊತ್ತಾದಂದಿನಿಂದ ನಿರ್ದೇಶಕರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಅವರು ಏನನ್ನಾದರೂ ನಿರ್ದೇಶಿಸಿ ಬಹಳ ವರ್ಷಗಳಾಗಿದ್ದವು. ಒಂದೊಂದು ಚಿತ್ರವನ್ನೂ ಕೈಯಲ್ಲೇ ಬರೆದು ಕಾರ್ಟೂನ್ ಸಿನಿಮಾ ಮಾಡುವ ಕಾಲ ಮುಗಿದು, ಅವರ ಸ್ಟುಡಿಯೋ ಇದ್ದ ಕಟ್ಟಡದಲ್ಲಿ ಈಗ ಟೈಲ್ಸ್ ಅಂಗಡಿ ನಡೆಯುತ್ತಿತ್ತು. ಆದರೂ ಮನೆಯಲ್ಲಿ ಅವರು ನಿರ್ದೇಶಕರೇ. ಮೊಟ್ಟೆ ಎಷ್ಟು ಬೇಯಬೇಕು, ಕಿಟಕಿಯ ಪರದೆ ಎಲ್ಲಿಯವರೆಗೆ ಸರಿಯಬೇಕು, ಮೊಮ್ಮಗಳು ಯಾವ ದನಿಯಲ್ಲಿ ಪಾಠ ಓದಬೇಕು, ಎಲ್ಲಕ್ಕೂ ಅವರ ನಿರ್ದೇಶನ ಬೇಕು. ಸೊಸೆ ಆ ಹೆಸರಿಟ್ಟದ್ದು ಗೇಲಿಗೆ. ಅವರು ಅದನ್ನು ಗೌರವವೆಂದು ತಿಳಿದು ಖುಷಿಯಾಗಿದ್ದರು.

ಸಾಮಾನ್ಯರೇನಲ್ಲ ಅವರು. ದೊಡ್ಡ ಕಲಾವಿದರು ಬರೆದ ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ತುಂಬಿಕೊಡುವ ಸಹಾಯಕನಾಗಿ ಸ್ಟುಡಿಯೋ ಸೇರಿದವರು, ಅಡಿಯಲ್ಲಿ ದೀಪವಿರುವ ಗಾಜಿನ ಮೇಜಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಕಮಾನಾಗುವ ಹೊತ್ತಿಗೆ ತಾವೇ ಸಿನಿಮಾ ಮಾಡುವಷ್ಟು ಬೆಳೆದಿದ್ದರು. ಅವರ ‘ಬಾತಮ್ಮ’ ನೋಡದ ಮಕ್ಕಳು ಆ ಕಾಲದಲ್ಲಿ ಇರಲಿಲ್ಲ. ಬಾತಮ್ಮನೆಂದರೆ ಒಂದು ಹೆಣ್ಣು ಬಾತುಕೋಳಿ. ಒಂದು ರೆಕ್ಕೆಯಲ್ಲಿ ಬುಟ್ಟಿ ಹಿಡಿದು, ಸೊಂಟ ಒಂದು ಕಡೆ ದಬಕ್ಕನೆ ಬೀಳಿಸುತ್ತಾ, ಮೈ ಇನ್ನೊಂದು ಕಡೆ ವಾಲಿಸುತ್ತಾ ಬೀದಿಯಲ್ಲಿ ಬರುತ್ತಾಳೆ. ನಡುವೆ ನಿಂತು, ಖಾಲಿಯಿರುವ ರೆಕ್ಕೆ ಎತ್ತಿ ಯಾರಿಗೋ ಬೀಸುತ್ತಾಳೆ. ಮತ್ತೆ ಅದೇ ದಬಕ್ ದಬಕ್. ಅಷ್ಟಕ್ಕೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಅವರು ಮಾಡಿದ ಎರಡು ಸಿನಿಮಾ ಯಾರಿಗೂ ನೆನಪಿಲ್ಲ, ಅವುಗಳ ಮಾತು ತೆಗೆದರೆ ಅವರಿಗೇ ಸಿಟ್ಟು ಬರುತ್ತಿತ್ತು. ಈಗ ‘ಬಾತಮ್ಮ’ನಿಗೆ ನಲವತ್ತು ವರ್ಷ ತುಂಬಿತೆಂದು ಸಿನಿಮಾದ ಹಕ್ಕಿದ್ದ ಕಂಪನಿ ಅದನ್ನು ಮತ್ತೆ ಥಿಯೇಟರಿಗೆ ತರುತ್ತಿತ್ತು. ಟೀವಿಯವರು ಬರುವುದು ಆ ಸಂಭ್ರಮಕ್ಕೆ.

ಹಾಗಾಗಿ ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಇದ್ದ ಪ್ಯಾಸೇಜಿಗೆ ಬಣ್ಣ ಹೊಡೆಸುವುದೆಂದಾಯಿತು. ಕ್ಯಾಮೆರಾ ಇಟ್ಟರೆ ಹಿಂದೆ ಅದೇ ಕಾಣುತ್ತದೆ.

ಬಣ್ಣದವನು ಬಂದು ಗೋಡೆ ನೋಡಿದವನೇ ಬೆರಳು ತೋರಿಸಿದ. “ಇದೇನ್ರೀ ಇದು, ಇಷ್ಟುದ್ದ?”

ಎರಡೂ ಗೋಡೆಯ ಮೇಲೆ, ಸೊಂಟದೆತ್ತರಕ್ಕೆ, ಅಡುಗೆಮನೆಯ ಬಾಗಿಲಿನಿಂದ ಮುಂದಿನ ಕೋಣೆಯವರೆಗೆ ಅಂಗೈಯಗಲದ ಕಂದು ಪಟ್ಟಿಯೊಂದು ಓಡಿತ್ತು. ಜಿಡ್ಡುಗಟ್ಟಿ ಹೊಳೆಯುತ್ತಿತ್ತು.

“ನನ್ನ ಸೈಕಲ್ ಹ್ಯಾಂಡಲ್ ತಾಗಿದ್ದು,” ಎಂದ ಮಗ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ.

“ನಿಮ್ಮ ಸೈಕಲ್ ಗುಜರಿಗೆ ಹೋಗಿ ಯಾವ ಕಾಲ ಆಯ್ತು?” ಎಂದಳು ಸೊಸೆ. “ಇದು ಮರಿ ಕೆಲಸ. ಕೈ ತೊಳೆದ್ರೆ ತಾನೇ.”

“ನಾನಲ್ಲಮ್ಮಾ! ಈ ಮನೇಲಿ ಏನಾದ್ರೂ ನಾನೇನಾ?” ಎಂದು ಮೊಮ್ಮಗಳು ಕೂಗಿದಳು.

“ತೇವ,” ಎಂದು ನಿರ್ದೇಶಕರು ತೀರ್ಪು ಕೊಟ್ಟರು. “ಒಳಗೆಲ್ಲೋ ಪೈಪ್ ಸೋರ್ತಿದೆ.”

ಬಣ್ಣದವನು ಉಗುರಿನಿಂದ ಕೆರೆದು ನೋಡಿದ. “ತೇವ ಅಲ್ಲ ಸಾರ್, ಕೈ ಜಿಡ್ಡು. ಉಜ್ಜಿ ತೆಗೀದೆ ಇದ್ರೆ ಬಣ್ಣ ಕೂರಲ್ಲ.”

ಅಷ್ಟರಲ್ಲಿ ಅವನಿಗೆ ಚಹಾ ತಂದ ಅತ್ತೆ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ಉಜ್ಜಪ್ಪ, ಚೆನ್ನಾಗಿ ಉಜ್ಜು,” ಎಂದು ಹೇಳಿ ಒಳಗೆ ಹೋದಳು. ಹೋಗುವಾಗ ಅವಳ ಕೈ ಎಲ್ಲಿತ್ತೆಂದು ಯಾರೂ ನೋಡಲಿಲ್ಲ.

ಅತ್ತೆಯೆಂದರೆ ನಿರ್ದೇಶಕರ ತಂಗಿ. ಹುಟ್ಟಿದಾಗಿನಿಂದ ಎಡಗಾಲು ಕುಂಟು. ಮದುವೆ ಆಗಲಿಲ್ಲ. ಅತ್ತಿಗೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಆಕೆಯ ಕೂಸನ್ನು ಎತ್ತಿ ಸಾಕಿದವಳು ಇವಳೇ. ಆ ಕೂಸಿಗೆ ಈಗ ತಲೆ ನರೆತಿತ್ತು, ಆದರೂ ಕಾಲುಚೀಲ ಎಲ್ಲಿದೆಯೆಂದು ಅತ್ತೆಯನ್ನೇ ಕೇಳುತ್ತಿದ್ದ. ಮನೆಯ ಒಲೆ, ಬಟ್ಟೆ, ಪಾತ್ರೆ, ಹಾಲಿನವನ ಲೆಕ್ಕ, ಎಲ್ಲವೂ ಅವಳ ಮೇಲೆ ನಿಂತಿತ್ತು. ಸೊಸೆ ಔಷಧಿ ಅಂಗಡಿಯ ಕೆಲಸದಿಂದ ಸಂಜೆ ಬಂದರೆ ಅಡುಗೆ ತಯಾರಾಗಿರುತ್ತಿತ್ತು. ನಿರ್ದೇಶಕರು ಮಾತ್ರ ಅವಳನ್ನು ಇನ್ನೂ ‘ಪುಟ್ಟಿ’ ಎನ್ನುತ್ತಿದ್ದರು.

ಗೋಡೆ ಹಾಲಿನಂತೆ ಬಿಳುಪಾಯಿತು. ನಿರ್ದೇಶಕರು ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆದು ನೋಡಿ ಅಪ್ಪಣೆ ಹೊರಡಿಸಿದರು. “ಟೀವಿಯವರು ಬಂದು ಹೋಗೋವರೆಗೂ ಯಾರೂ ಗೋಡೆ ಮುಟ್ಟೋ ಹಾಗಿಲ್ಲ. ಗೊತ್ತಾಯ್ತಾ? ಪುಟ್ಟಿ, ನಿಂಗೂ ಹೇಳಿದ್ದು.”

“ಆಯ್ತಣ್ಣ,” ಎಂದಳು ಅತ್ತೆ.

ಅಂದಿನಿಂದ ಊಟ ತಡವಾಗಿ ಬರತೊಡಗಿತು. ಒಂದು ತಟ್ಟೆ ಇಟ್ಟು ಹೋದವಳು ಇನ್ನೊಂದು ತರುವಷ್ಟರಲ್ಲಿ ಮೊದಲನೆಯದು ಆರಿ ಹೋಗಿರುತ್ತಿತ್ತು. “ಏನು, ಅಡುಗೆಮನೆ ಪಕ್ಕದ ಊರಿಗೆ ಹೋಯ್ತಾ?” ಎಂದು ನಿರ್ದೇಶಕರು ಛೇಡಿಸಿದರು. ಅತ್ತೆ ನಕ್ಕು ಇನ್ನೊಂದು ತಟ್ಟೆ ತರಲು ಹೋದಳು.

ಇತ್ತ ಅವರು ಕನ್ನಡಿಯ ಮುಂದೆ ನಿಂತು ಟೀವಿಯವರಿಗೆ ಕೊಡುವ ಉತ್ತರ ಅಭ್ಯಾಸ ಮಾಡುತ್ತಿದ್ದರು. ನಲವತ್ತು ವರ್ಷದಿಂದ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಆ ನಡಿಗೆ ಎಲ್ಲಿ ಸಿಕ್ಕಿತು? ಅವರದೂ ಒಂದೇ ಉತ್ತರ. “ನಮ್ಮ ಸ್ಟುಡಿಯೋ ಹಿಂದೆ ಒಂದು ಕೆರೆ ಇತ್ತು. ಅಲ್ಲಿ ಬಾತುಕೋಳಿಗಳಿದ್ದವು. ದಿನಾ ಮಧ್ಯಾಹ್ನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ...”

“ಅಲ್ಲಿ ಲಾರಿ ನಿಲ್ತಿದ್ವಲ್ಲಣ್ಣ,” ಎಂದು ಒಳಗಿನಿಂದ ಅತ್ತೆಯ ದನಿ ಬಂತು.

“ನಿಂಗೇನು ಗೊತ್ತು?”

ಅವಳಿಗೆ ಗೊತ್ತಿತ್ತು. ಆ ಕಾಲದಲ್ಲಿ ದಿನಾ ಮಧ್ಯಾಹ್ನ ಆ ಲಾರಿಗಳ ನಡುವೆ ಹಾದು ಅಣ್ಣನಿಗೆ ಊಟದ ಡಬ್ಬಿ ಕೊಂಡೊಯ್ಯುತ್ತಿದ್ದವಳು ಅವಳೇ.

ಟೀವಿಯವರು ಬರುವ ಹಿಂದಿನ ದಿನ ಭಾನುವಾರ. ಮೊಮ್ಮಗಳ ಶಾಲೆಯಲ್ಲಿ ಮುಂದೆ ನಡೆಯಲಿದ್ದ ಕಾರ್ಯಕ್ರಮದಲ್ಲಿ ಅವಳದೇ ಬಾತಮ್ಮನ ಪಾತ್ರ. ಅಜ್ಜನ ಸಿನಿಮಾ ಬೇರೆ, ಕೇಳಬೇಕೇ! ಫೋನಿನಲ್ಲಿ ನೋಡಿ ನೋಡಿ ನಡಿಗೆ ಕಲಿತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರನ್ನೂ ಮುಂದಿನ ಕೋಣೆಯಲ್ಲಿ ಕೂರಿಸಿ, ಸೊಸೆಯ ತರಕಾರಿ ಬುಟ್ಟಿ ಹಿಡಿದು ಪ್ಯಾಸೇಜಿನಲ್ಲಿ ಬರಲು ಶುರುಮಾಡಿದಳು.

“ಸೊಂಟ ಇನ್ನೂ ಬೀಳಲಿ, ಮರಿ!” ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು. “ಆ ಕಡೆ ವಾಲು. ಹಾಂ! ಹಾಂ!”

ಮಗ ಶಿಳ್ಳೆ ಹೊಡೆದು ನಕ್ಕ. ನಗುತ್ತಿದ್ದಂತೆ ಅವನ ಕಣ್ಣು ಮಗಳ ಹಿಂದೆ ಹೋಯಿತು, ನಗು ನಿಂತಿತು. ಅಡುಗೆಮನೆಯಿಂದ ಅತ್ತೆ ಬರುತ್ತಿದ್ದಳು, ಒಂದು ಕೈಯಲ್ಲಿ ಬಿಸಿ ಅನ್ನದ ಪಾತ್ರೆ ಹಿಡಿದು. ಮುಂದೆ ಹುಡುಗಿಯ ಸೊಂಟ ಬಿದ್ದಂತೆ ಹಿಂದೆ ಅವಳ ಸೊಂಟ ಬೀಳುತ್ತಿತ್ತು. ಹುಡುಗಿ ವಾಲಿದಂತೆ ಅವಳು ವಾಲುತ್ತಿದ್ದಳು. ಒಬ್ಬಳು ಆಡುತ್ತಿದ್ದಳು, ಇನ್ನೊಬ್ಬಳು ನಡೆಯುತ್ತಿದ್ದಳು, ಹೆಜ್ಜೆ ಮಾತ್ರ ಒಂದೇ.

ಸೊಸೆ ತಟ್ಟನೆ, “ಮರಿ, ಸಾಕು!” ಎಂದಳು. ಹುಡುಗಿ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಅತ್ತೆಗೆ ಹಾಗೆ ತಟ್ಟನೆ ನಿಲ್ಲಲಾಗಲಿಲ್ಲ, ಖಾಲಿ ಕೈ ಗೋಡೆಯ ಕಡೆ ಹೋಯಿತು.

“ಗೋಡೆ!” ಎಂದು ಕಿರುಚಿದರು ನಿರ್ದೇಶಕರು.

ಕೈ ಹಿಂದಕ್ಕೆ ಬಂತು. ಅತ್ತೆ ಬಿದ್ದಳು. ಅನ್ನ ನೆಲದ ತುಂಬ ಚೆಲ್ಲಿತು. ಬಿಳಿ ಗೋಡೆಗೆ ಒಂದು ಕಲೆಯೂ ಆಗಲಿಲ್ಲ.

ಆಸ್ಪತ್ರೆಯಲ್ಲಿದ್ದ ಮೂಳೆ ಡಾಕ್ಟರಮ್ಮ ನಲವತ್ತರ ಆಸುಪಾಸಿನವಳು. ಎಕ್ಸ್‌ರೇ ದೀಪಕ್ಕೆ ಹಿಡಿದು ನೋಡಿ, ಹೊಸದಾಗಿ ಏನೂ ಮುರಿದಿಲ್ಲ ಎಂದಳು. ಮಗ ನೆಮ್ಮದಿಯ ಉಸಿರು ಬಿಟ್ಟ. ಆದರೆ ಅವಳು ಎಕ್ಸ್‌ರೇ ಕೆಳಗಿಡಲಿಲ್ಲ.

“ಎಡಗಡೆ ತೊಡೆಮೂಳೆ ಅದರ ಗುಳೀಲಿ ಕೂತೇ ಇಲ್ಲ. ಹುಟ್ಟಿದಾಗಿಂದ ಹೀಗೇ ಇದ್ದಿರಬೇಕು. ಯಾರಿಗೂ ತೋರಿಸ್ಲಿಲ್ವಾ?”

“ಆ ಕಾಲದಲ್ಲಿ ಕುಂಟು ಅಂದ್ರೆ ಕುಂಟು ಅಷ್ಟೇ, ತಾಯಿ,” ಎಂದಳು ಅತ್ತೆ.

“ನೋವು?”

“ಏನಿಲ್ಲ, ಸ್ವಲ್ಪ.”

ಸೊಸೆ ಬಾಯಿ ಹಾಕಿದಳು. “ಸ್ವಲ್ಪ ಏನು? ನಮ್ಮ ಅಂಗಡಿ ಬಿಟ್ಟು ಎದುರಂಗಡೀಲಿ ನೋವಿನ ಮಾತ್ರೆ ತಗೋತಾರೆ ಇವರು. ನಂಗೆ ಗೊತ್ತಾಗಬಾರ್ದು ಅಂತ. ಆ ಅಂಗಡಿಯವನೇ ಹೇಳಿದ.”

“ಹೇಳ್ಬೇಕಿತ್ತಾ ಅವನು,” ಎಂದು ಅತ್ತೆ ಗೊಣಗಿದಳು.

ಡಾಕ್ಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. “ಮೊದಲಿಂದ ಇಷ್ಟೇ ವಾಲ್ತಿದ್ರಾ, ಈಚೆಗೆ ಜಾಸ್ತಿ ಆಗಿದ್ಯಾ, ಅದು ಗೊತ್ತಾದ್ರೆ ಒಳ್ಳೇದು. ವಯಸ್ಸಲ್ಲಿ ನಡೆದಿರೋ ಹಳೇ ವಿಡಿಯೋ ಏನಾದ್ರೂ ಇದ್ಯಾ?”

“ಇವರು ಫೋಟೋಗೇ ನಿಲ್ಲಲ್ಲ,” ಎಂದ ಮಗ. “ವಿಡಿಯೋ ಎಲ್ಲಿಂದ ಬರ್ಬೇಕು?”

ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ ನಿರ್ದೇಶಕರು ತಲೆ ಎತ್ತಿದರು. “ಇದೆ,” ಎಂದರು.

ಎಲ್ಲರೂ ತಿರುಗಿ ನೋಡಿದರು. ಅವರು ಮಗನ ಕಡೆ ಕೈ ಚಾಚಿದರು. “ಫೋನ್ ಕೊಡು. ಬಾತಮ್ಮ ಹಾಕು.”

ಮಗ ಹಾಕಲಿಲ್ಲ. ಸೊಸೆ ಹಾಕಿಕೊಟ್ಟಳು. ಪರದೆಯ ಮೇಲೆ ಬಾತಮ್ಮ ಬುಟ್ಟಿ ಹಿಡಿದು ಬಂದಳು.

“ಅಯ್ಯೋ, ಬಾತಮ್ಮ!” ಎಂದು ಡಾಕ್ಟರಮ್ಮ ನಕ್ಕೇ ಬಿಟ್ಟಳು. “ಚಿಕ್ಕವಳಿದ್ದಾಗ ಎಷ್ಟು ಸಲ ನೋಡಿದೀನೋ! ನಾವೆಲ್ಲ ಶಾಲೆಯಿಂದ ಹೀಗೇ ನಡ್ಕೊಂಡು...” ಮಾತು ಅಲ್ಲಿಗೇ ನಿಂತಿತು. ಅವಳು ಎಕ್ಸ್‌ರೇ ನೋಡಿದಳು, ಅತ್ತೆಯನ್ನು ನೋಡಿದಳು. ಸಿನಿಮಾವನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ನಿಧಾನವಾಗಿ ಓಡಿಸಿದಳು. ಅವಳ ದನಿಯೇ ಬದಲಾಯಿತು.

“ಎಡಗಾಲಿನ ಮೇಲೆ ಭಾರ ಬಿದ್ದಾಗ ಬಲಗಡೆ ಸೊಂಟ ಬೀಳುತ್ತೆ. ಮೈ ಎಡಕ್ಕೆ ವಾಲುತ್ತೆ. ನಮಗೆ ಕಾಲೇಜಲ್ಲಿ ಕಲಿಸೋವಾಗಲೂ ಇಷ್ಟು ಸ್ಪಷ್ಟವಾಗಿ ತೋರಿಸಿರ್ಲಿಲ್ಲ. ಇದನ್ನ ಬರೆದೋರು ಯಾರು?”

“ನಾನು.”

“ಇಷ್ಟು ಸರಿಯಾಗಿ ನೋಡಿದೀರಲ್ಲ ಸಾರ್,” ಎಂದಳು ಡಾಕ್ಟರಮ್ಮ. ಹೊಗಳಿಕೆಯೋ ಬೈಗುಳವೋ ಅವಳಿಗೂ ತಿಳಿದಂತಿರಲಿಲ್ಲ. “ಇದನ್ನ ಆವತ್ತೇ ಯಾವ ಡಾಕ್ಟರಿಗೆ ತೋರಿಸಿದ್ರೂ ಹೇಳ್ತಿದ್ರು. ಇಪ್ಪತ್ತಾರೋ ಇಪ್ಪತ್ತೇಳೋ ಇತ್ತು ಅನ್ನಿ ಇವರಿಗೆ. ಪೂರ್ತಿ ಸರಿ ಆಗ್ತಿತ್ತು ಅನ್ನಲ್ಲ, ಆದ್ರೆ ಇಷ್ಟು ನೋವು ತಿನ್ನಬೇಕಿರ್ಲಿಲ್ಲ. ಈಗ ಇವರ ಹೃದಯ ಇಷ್ಟು ದುರ್ಬಲ ಇರೋದು ನೋಡಿದ್ರೆ ಆಪರೇಷನ್ನಿಗೆ ನಾನೇ ಹೆದರ್ತೀನಿ. ಕೋಲು, ವ್ಯಾಯಾಮ, ಮಾತ್ರೆ. ಇನ್ನೇನು ಮಾಡೋಣ?”

ಫೋನಿನಲ್ಲಿ ಬಾತಮ್ಮ ನಿಂತು, ರೆಕ್ಕೆ ಎತ್ತಿ ಬೀಸಿದಳು. ಮಗ ಅದನ್ನು ಕಿತ್ತುಕೊಂಡು ಆರಿಸಿದ. ನಿರ್ದೇಶಕರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಅತ್ತೆ ಅವರ ಕಡೆ ತಿರುಗಲಿಲ್ಲ, ಸೆರಗಿನ ಅಂಚಿನಲ್ಲಿ ಒಣಗಿ ಅಂಟಿದ್ದ ಅನ್ನದ ಅಗುಳನ್ನು ಬಿಡಿಸುತ್ತಾ ಕೂತಿದ್ದಳು.

ಟೀವಿಯವರಿಗೆ ಈಗ ಬರಬೇಡಿ ಎಂದು ಫೋನ್ ಹೋಯಿತು. ಅತ್ತೆ ಹಾಸಿಗೆ ಹಿಡಿದಳು, ಮನೆ ತಲೆಕೆಳಗಾಯಿತು. ಹಾಲು ಉಕ್ಕಿತು. ಮಗ ಮಾಡಿದ ಬೇಳೆ ತಳ ಹಿಡಿಯಿತು. ಮೊಮ್ಮಗಳು ಒಂದು ದಿನ ಶಾಲೆಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಹೋದಳು. ಬಾತಮ್ಮನ ಪಾತ್ರ ಬೇಡವೆಂದು ತಾನಾಗಿಯೇ ಟೀಚರಿಗೆ ಹೇಳಿ ಬಂದಿದ್ದಳು. ನಿರ್ದೇಶಕರು ಮೊಟ್ಟೆ ಎಷ್ಟು ಬೆಂದಿದೆಯೆಂದು ಕೇಳುವುದನ್ನು ಬಿಟ್ಟರು. ಹಸಿಯಿದ್ದರೂ ತಿಂದರು.

ಜಗಳ ಆದದ್ದು ಒಂದು ಸಂಜೆ, ಊಟದ ಮೇಜಿನಲ್ಲಿ.

“ಬ್ರೆಡ್ ಇನ್ನೊಂದು ಹಾಕ್ಲಾ ಮಾವ?” ಎಂದು ಸೊಸೆ ಕೇಳಿದಳು.

“ಬೇಡಮ್ಮ.”

“ಯಾಕೆ, ತಿನ್ನಿ,” ಎಂದ ಮಗ. “ಅತ್ತೆ ನಡಿಗೇಲಿ ದುಡಿದಿದ್ದು ತಾನೆ. ನಾನೂ ಅದರಲ್ಲೇ ಓದಿದೀನಿ. ಈ ಮನೇನೂ ಅದರಲ್ಲೇ ಕಟ್ಟಿದ್ದು.”

“ಸುಮ್ನಿರಿ,” ಎಂದಳು ಸೊಸೆ.

“ಏನು ಸುಮ್ನಿರೋದು? ನಾನು ಶಾಲೆಗೆ ಹೋಗ್ತಿದ್ದಾಗ ಹುಡುಗರು ಅತ್ತೇನ ನೋಡಿ ‘ಬಾತಮ್ಮ ಬಾತಮ್ಮ’ ಅಂತ ಕೂಗ್ತಿದ್ರು. ಸಿನಿಮಾ ನೋಡಿ ಅತ್ತೆಗೆ ಹೆಸರಿಟ್ಟಿದಾರೆ ಅಂತ ಹೊಡೆದಾಡಿ ಬರ್ತಿದ್ದೆ ನಾನು. ಅತ್ತೇನ ನೋಡಿ ಸಿನಿಮಾ ಮಾಡಿದಾರೆ ಅಂತ ಯಾರಿಗೆ ಗೊತ್ತಿತ್ತು?”

ನಿರ್ದೇಶಕರು ತಟ್ಟೆ ನೋಡುತ್ತಲೇ ಹೇಳಿದರು. “ನಂಗೆ ಕಾಯಿಲೆ ಅಂತ ಗೊತ್ತಿರ್ಲಿಲ್ಲ ಕಣೋ.”

“ಗೊತ್ತಿರ್ಲಿಲ್ವಾ? ಯಾವ ಕಾಲಿಗೆ ಯಾವ ಸೊಂಟ ಬೀಳುತ್ತೆ ಅಂತ ಗೊತ್ತಿತ್ತು!”

ನಿರ್ದೇಶಕರಿಗೆ ಸ್ಟುಡಿಯೋ ನೆನಪಾಯಿತು. ಭಂಗಿಗಳನ್ನು ಬರೆದು ಕೊಟ್ಟರೆ ನಡುವಿನ ಚಿತ್ರ ತುಂಬುವ ಹುಡುಗರು ಒಳ್ಳೆಯ ಮನಸ್ಸಿನಿಂದ ಬಾತಮ್ಮನ ಸೊಂಟವನ್ನು ಮಟ್ಟಸ ಮಾಡಿಬಿಡುತ್ತಿದ್ದರು. ಯಾವ ಪ್ರಾಣಿಯೂ ಹೀಗೆ ನಡೆಯುವುದಿಲ್ಲ ಸಾರ್ ಎನ್ನುತ್ತಿದ್ದರು. ಇವರು ಮೇಜು ಕುಟ್ಟಿ, “ಬೀಳಬೇಕು ಕಣ್ರೋ, ಸೊಂಟ ಬೀಳದೆ ಇದ್ರೆ ನಗು ಎಲ್ಲಿಂದ ಬರುತ್ತೆ?” ಎಂದು ಆ ಕಾಗದಗಳನ್ನು ಹರಿದು ಹಾಕುತ್ತಿದ್ದರು. ಅವಳ ಸೊಂಟ ನೆಟ್ಟಗಾಗಲೆಂದು ಮನಸ್ಸು ಮಾಡಿದವರೆಂದರೆ ಆ ಹುಡುಗರು ಮಾತ್ರ. ಆ ಕಾಗದ ಹರಿದ ಕೈಯಲ್ಲಿ ಈಗ ಬ್ರೆಡ್ಡಿನ ಚೂರಿತ್ತು. ಅವರು ಅದನ್ನು ತಟ್ಟೆಯ ಅಂಚಿಗಿಟ್ಟರು.

ಒಳಗಿನ ಕೋಣೆಯಿಂದ ಅತ್ತೆ ಕೂಗಿದಳು. “ಜಗಳ ಆಡೋರು ಆಡಿ, ಒಲೆ ಮೇಲೆ ಏನೋ ಸೀಯ್ತಿದೆ, ಮೊದಲು ಅದನ್ನ ನೋಡಿ!”

ಹತ್ತು ಹದಿನೈದು ದಿನದಲ್ಲಿ ಅತ್ತೆ ಕೋಲು ಹಿಡಿದು ಎದ್ದಳು. ಗೋಡೆಗೆ ಹಿಡಿಕಂಬಿ ಹಾಕಿಸುತ್ತೇನೆಂದು ಮಗ ದಿನಾ ಹೇಳುತ್ತಿದ್ದ, ಹಾಕಿಸಿರಲಿಲ್ಲ. ಅವಳು ಪ್ಯಾಸೇಜಿನ ನಟ್ಟನಡುವೆ, ಎರಡೂ ಗೋಡೆಯಿಂದ ದೂರ, ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಗೋಡೆ ಹಿಡಿದುಕೋ ಎಂದು ಹೇಳಬೇಕಾದವರು ಒಬ್ಬರೇ. ಹೇಳಲು ಬಾಯಿ ತೆರೆದರೆ ಅಂದು ಕಿರುಚಿದ್ದು ಅವರ ಕಿವಿಯಲ್ಲೇ ಕೇಳುತ್ತಿತ್ತು.

ಥಿಯೇಟರಿನಲ್ಲಿ ಮೊದಲ ಆಟದ ದಿನ ಹತ್ತಿರವಾಯಿತು. ಬೆಳಗಿನ ಆಟ ಮುಗಿದ ಮೇಲೆ ನಿರ್ದೇಶಕರು ವೇದಿಕೆ ಹತ್ತಿ ನಾಲ್ಕು ಮಾತಾಡಬೇಕು, ಟೀವಿಯವರೂ ಅಲ್ಲಿಗೇ ಬರುತ್ತಾರೆ ಎಂದು ಕಂಪನಿಯವರು ಹೇಳಿದ್ದರು. ಹಿಂದಿನ ದಿನ ನಿರ್ದೇಶಕರು ಅಡುಗೆಮನೆಗೆ ಬಂದರು. ಅವರು ಅಲ್ಲಿಗೆ ಬರುವುದೇ ಅಪರೂಪ. ಅತ್ತೆ ಸ್ಟೂಲಿನ ಮೇಲೆ ಕೂತು ಕೋಸು ಹೆಚ್ಚುತ್ತಿದ್ದಳು.

“ಪುಟ್ಟಿ, ನಾಳೆ ನಾನು ನಿಜ ಹೇಳ್ಬಿಡ್ತೀನಿ.”

“ಯಾವ ನಿಜ?”

“ಕೆರೆ ಇರ್ಲಿಲ್ಲ ಅಂತ. ನಡಿಗೆ ಯಾರದ್ದು ಅಂತ. ಎಲ್ಲರ ಮುಂದೆ ಹೇಳ್ತೀನಿ. ಟೀವೀಲೂ ಬರ್ಲಿ.”

ಅತ್ತೆ ಚಾಕು ನಿಲ್ಲಿಸದೆ ಹೆಚ್ಚುತ್ತಾ ಹೋದಳು. “ಹೇಳಿದ್ರೆ ಏನಾಗುತ್ತೆ ಗೊತ್ತಾ? ಎಲ್ಲರೂ ಕಣ್ಣು ಒರೆಸ್ಕೋತಾರೆ. ಎಂಥ ದೊಡ್ಡ ಮನಸ್ಸು ನೋಡಿ ಅಂತಾರೆ. ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ನಡೆದಿದ್ದು ನಾನು, ಜನ ನಕ್ಕಾಗಲೂ ಚಪ್ಪಾಳೆ ನಿಂಗೇ. ಇನ್ನು ಅತ್ತಿದ್ದಕ್ಕೂ ನಿಂಗೇನಾ? ಬೇಡ.”

ನಿರ್ದೇಶಕರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಮತ್ತೆ ಏನು ಹೇಳ್ಲಿ?”

“ಕೆರೆ ಅಂತಾನೇ ಹೇಳು. ನಾನೂ ಬರ್ತೀನಿ. ಇಷ್ಟು ವರ್ಷ ಆಯ್ತು, ಒಂದ್ಸಲಾನೂ ನೋಡಿಲ್ಲ ಆ ಸಿನಿಮಾನ.”

“ನೋಡೇ ಇಲ್ವಾ?”

“ನೀನು ಯಾವತ್ತಾದ್ರೂ ಬಾ ಅಂದಿದ್ಯಾ?” ಅವಳು ಕೋಸಿನ ಚೂರುಗಳನ್ನು ಪಾತ್ರೆಗೆ ಸುರಿದಳು. “ಸರಿ ಹೋಗೀಗ. ಬೆಳಕಿಗೆ ಅಡ್ಡ ನಿಂತಿದೀಯ.”

ಥಿಯೇಟರು ತುಂಬಿತ್ತು. ಅಂದು ಮಕ್ಕಳಾಗಿ ನೋಡಿದವರು ಇಂದು ತಮ್ಮ ಮಕ್ಕಳನ್ನು ಕರೆತಂದಿದ್ದರು. ಮನೆಯವರಿಗೆ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದರು, ಅತ್ತೆ ಒಪ್ಪಲಿಲ್ಲ, ಕೊನೆಯ ಸಾಲಿನ ತುದಿಯ ಸೀಟು ಹಿಡಿದಳು. ಬಾತಮ್ಮ ಮೊದಲ ಬಾರಿ ತಿರುವಿನಲ್ಲಿ ಕಾಣಿಸಿಕೊಂಡಾಗ ಇಡೀ ಹಾಲ್ ಹೋ ಎಂದಿತು. ಮೊಮ್ಮಗಳು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದಳು.

“ನಗು ಮರಿ,” ಎಂದು ಅತ್ತೆ ಅವಳ ಕಿವಿಯಲ್ಲಿ ಹೇಳಿದಳು. “ನಗೋಕೆ ತಾನೇ ಮಾಡಿರೋದು.”

“ನಂಗೆ ನಗು ಬರ್ತಿಲ್ಲ ಅತ್ತಜ್ಜಿ.”

ಅತ್ತೆ ತಾನೂ ನಗಲಿಲ್ಲ. ಒಮ್ಮೆ, ಸಿನಿಮಾದಲ್ಲಿ ಬರುವ ನರಿ ತನ್ನದೇ ಬಾಲ ತುಳಿದು ಬಿದ್ದಾಗ ಮಾತ್ರ ಕಿಸಕ್ಕೆಂದಳು. ಬಾತಮ್ಮ ಬೀದಿಯ ನಡುವೆ ನಿಂತು ರೆಕ್ಕೆ ಬೀಸಿದಾಗ ಮುಂದಕ್ಕೆ ಬಾಗಿ, ಕಣ್ಣು ಸಣ್ಣಗೆ ಮಾಡಿ ನೋಡಿದಳು. ಪಕ್ಕದ ಸಾಲಿನಲ್ಲಿ ಯಾರೋ ಅಪ್ಪ ಮಗಳು ಇಬ್ಬರೂ ಪರದೆಯತ್ತ ಕೈ ಬೀಸಿದರು.

ಸಿನಿಮಾ ಮುಗಿಯಿತು. ನಿರ್ದೇಶಕರು ವೇದಿಕೆ ಹತ್ತಿದರು. ಟೀವಿಯ ಹುಡುಗಿ ನಗುನಗುತ್ತಾ ಮೈಕು ಮುಂದೆ ಹಿಡಿದಳು.

“ಎಲ್ಲರೂ ಕಾಯ್ತಿರೋ ಪ್ರಶ್ನೆ ಸಾರ್. ಆ ನಡಿಗೆ ನಿಮಗೆ ಎಲ್ಲಿ ಸಿಕ್ತು?”

ಅವರು ಕೊನೆಯ ಸಾಲಿನತ್ತ ನೋಡಿದರು. ಬೆಳಕು ಕಣ್ಣಿಗೆ ಹೊಡೆದು ಯಾರೂ ಕಾಣಿಸಲಿಲ್ಲ. “ನಮ್ಮ ಸ್ಟುಡಿಯೋ ಹಿಂದೆ ಒಂದು ಕೆರೆ ಇತ್ತು,” ಎಂದರು. ದನಿ ಒಡೆಯಿತು. “ಬಾತುಕೋಳಿ ಇದ್ದವು. ಮಧ್ಯಾಹ್ನ... ಕಿಟಕಿಯಲ್ಲಿ ನಿಂತು...” ಮುಂದೆ ಬಾಯಿಗೆ ಮಾತು ಬರಲಿಲ್ಲ. ಪಾಪ, ಹಳೆಯ ದಿನ ನೆನೆದು ಮುದುಕರಿಗೆ ದುಃಖ ಬಂತೆಂದು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ಅತ್ತೆ ಬೇಡವೆಂದಿದ್ದ ಚಪ್ಪಾಳೆ ಕೊನೆಗೂ ಬಿದ್ದೇ ಬಿತ್ತು. ಅವರು ಅದರ ಕೆಳಗೆ ತಲೆ ಬಗ್ಗಿಸಿ ನಿಂತರು, ಜನ ಅದನ್ನು ವಿನಯವೆಂದುಕೊಂಡರು.

ಮನೆಗೆ ಬರುವಾಗ ಮಧ್ಯಾಹ್ನ ಮೀರಿತ್ತು. ಮಗ ಎಲ್ಲರನ್ನೂ ಇಳಿಸಿ ಡ್ರೈವಿಂಗ್ ಸ್ಕೂಲಿಗೆ ಹೋದ, ಸೊಸೆ ಮಗಳನ್ನು ಕರೆದುಕೊಂಡು ಅಂಗಡಿಗೆ. ಅಣ್ಣ ತಂಗಿ ಇಬ್ಬರೇ ಅಡುಗೆಮನೆಯಲ್ಲಿ ಕೂತು, ಬೆಳಿಗ್ಗೆ ಮಾಡಿಟ್ಟದ್ದನ್ನು ಉಂಡರು.

“ಸುಳ್ಳು ಚೆನ್ನಾಗಿ ಹೇಳ್ತೀಯ,” ಎಂದಳು ಅತ್ತೆ.

ಅನ್ನ ಕಲೆಸುತ್ತಿದ್ದ ಅವರ ಕೈ ನಿಂತಿತು.

“ಈಗ ಹೇಳು,” ಎಂದಳು ಅವಳು. “ಇಲ್ಲಿ ಚಪ್ಪಾಳೆ ಹೊಡೆಯೋರು ಯಾರೂ ಇಲ್ಲ. ಊರಿಗೆಲ್ಲ ಹೇಳೋಕೆ ಹೊರಟಿದ್ದೆಯಲ್ಲ, ನಂಗೆ ಹೇಳಿದ್ಯಾ ಒಂದ್ಸಲ?”

ನಿರ್ದೇಶಕರು ತಟ್ಟೆಗೆ ಹೇಳುವವರಂತೆ ಹೇಳಿದರು. “ನೀನು ಡಬ್ಬಿ ತರ್ತಿದ್ದೆ. ನಾನು ಮೇಲೆ ಕಿಟಕೀಲಿ ನಿಂತು ನೋಡ್ತಿದ್ದೆ. ನೋಡಿ ನಕ್ಕೆ, ಪುಟ್ಟಿ. ಒಂದಿನ ಅಲ್ಲ. ಆಮೇಲೆ... ಆಮೇಲೆ ಜೊತೆಯವರನ್ನೂ ಕರೆದು ತೋರಿಸ್ದೆ. ನೋಡ್ರೋ, ಹೆಜ್ಜೆ ನೋಡ್ರೋ ಅಂತ. ಅವರೂ ನಕ್ರು. ನಾನು ಬೈಲಿಲ್ಲ. ಕಾಗದ ಪೆನ್ಸಿಲ್ ತಗೊಂಡು ಬನ್ನಿ ಅಂದೆ.”

“ಹೂಂ,” ಎಂದಳು ಅತ್ತೆ. “ಕಿಟಕಿ ತುಂಬ ತಲೆ ಕಾಣ್ತಿತ್ತು. ಊಟ ಬಂತು ಅಂತ ಖುಷಿಗೆ ನಿಂತಿದೀರ ಅಂದ್ಕೊಂಡಿದ್ದೆ ನಾನು. ಅದಕ್ಕೇ ನಾಳೆ ಸ್ವಲ್ಪ ಜಾಸ್ತಿ ಹಾಕ್ಕೊಂಡು ಬರೋಣ, ಎಲ್ಲರಿಗೂ ಆಗ್ಲಿ ಅಂತ ದೊಡ್ಡ ಡಬ್ಬಿ ತಗೊಂಡೆ. ಅಂಗಳದ ನಡುವೆ ನಿಂತು ಕೈ ಬೇರೆ ಬೀಸ್ತಿದ್ದೆ, ಹುಚ್ಚಿ ಹಾಗೆ.” ಅವಳು ನೀರು ಕುಡಿದಳು. “ಅದನ್ನೂ ಬರ್ಕೊಂಡಿದೀಯ ಅಂತ ಇವತ್ತು ಗೊತ್ತಾಯ್ತು.”

ನಿರ್ದೇಶಕರು ಮುಖ ಮುಚ್ಚಿಕೊಂಡರು. ಎಂಜಲು ಕೈ ಎಂಬುದೂ ನೆನಪಿರಲಿಲ್ಲ, ಹಣೆಗೆಲ್ಲ ಅನ್ನ ಮೆತ್ತಿಕೊಂಡಿತು. ಅತ್ತೆ ಅವರನ್ನು ಸಮಾಧಾನ ಮಾಡಲಿಲ್ಲ. ತನ್ನ ತಟ್ಟೆಯಲ್ಲಿದ್ದುದನ್ನು ನಿಧಾನವಾಗಿ ಉಂಡು ಮುಗಿಸಿದಳು.

“ಮುಖ ತೊಳ್ಕೊ,” ಎಂದಳು ಕೊನೆಗೆ. “ಪಾತ್ರೆ ತೊಳೆದಿಡು. ನನ್ನ ಕೈಲಾಗಲ್ಲ, ಮಲಗ್ತೀನಿ.”

ಅವರು ಎದ್ದು ನಲ್ಲಿಯ ಹತ್ತಿರ ಹೋದರು. ಅತ್ತೆ ಕೋಲು ಊರಿ ಎದ್ದು ಪ್ಯಾಸೇಜಿಗೆ ಕಾಲಿಟ್ಟಳು. ಕೂತು ಕೂತು ಮರಗಟ್ಟಿದ್ದ ಕಾಲು ಎರಡನೇ ಹೆಜ್ಜೆಗೇ ತಡವರಿಸಿತು. ಖಾಲಿ ಕೈ ಗೋಡೆಯ ಕಡೆ ಹೋಯಿತು, ಗೋಡೆ ಮುಟ್ಟುವ ಮೊದಲೇ ನಿಂತಿತು. ಸೊಂಟದೆತ್ತರದಲ್ಲಿ, ಮೊದಲು ಕಂದು ಪಟ್ಟಿ ಇದ್ದ ಜಾಗದಲ್ಲೇ ನಿಂತಿತು. ಇಷ್ಟು ವರ್ಷ ಅವಳ ಸೊಂಟ ಬೀಳುವುದನ್ನು ನೋಡಿದ್ದರು, ಕೈ ದಿನಾ ಎಲ್ಲಿರುತ್ತಿತ್ತೆಂದು ನಿರ್ದೇಶಕರಿಗೆ ಹೊಳೆದದ್ದು ಅದೇ ಮೊದಲು.

“ಗೋಡೆ ಹಿಡ್ಕೋ, ಪುಟ್ಟಿ,” ಎಂದರು.

“ಕೈ ತೊಳೆದಿಲ್ಲ. ಬಣ್ಣ ಹಾಳಾಗುತ್ತೆ.”

“ಆಗ್ಲಿ.”

ಅವಳು ಒಂದು ಗಳಿಗೆ ಹಾಗೆಯೇ ನಿಂತಳು. ಆಮೇಲೆ ಅನ್ನ ಉಂಡ ಕೈಯನ್ನು ಬಿಳಿ ಗೋಡೆಯ ಮೇಲೆ ಪೂರ್ತಿ ಊರಿದಳು.

ನಿರ್ದೇಶಕರು ನಲ್ಲಿಯ ಕಡೆ ತಿರುಗಿದರು. ಅವಳು ನಡೆಯುವುದನ್ನು ನೋಡುವ ಯೋಗ್ಯತೆ ತಮಗಿಲ್ಲ ಅನ್ನಿಸಿತ್ತು. ತಟ್ಟೆ ಕೈಯಲ್ಲಿ ಹಿಡಿದು, ನೀರು ಬಿಡದೆ, ಅವಳ ಅಂಗೈ ಗೋಡೆಯನ್ನು ಸವರಿಕೊಂಡು ಕೋಣೆ ಮುಟ್ಟುವವರೆಗೂ ಆ ಸದ್ದು ಕೇಳುತ್ತಾ ನಿಂತರು.